ಸಹಾಯ ಬೇಕು: ‘ಕೋನಿರಾಸ್ಟ್ರಲ್’ ಪದವನ್ನು ಈಗ ಹೇಗೆ ಬಳಸುತ್ತಾರೆ?

ಎಲ್ಲರಿಗೂ ನಮಸ್ಕಾರ. ಫಿಂಚ್ ಹಕ್ಕಿಗಳ ಬಗ್ಗೆ ಹಳೆಯ ಬರಹಗಳನ್ನು ಓದುವಾಗ ‘ಕೋನಿರಾಸ್ಟ್ರಲ್’ ಎಂಬ ಪದ ಸಿಕ್ಕಿತು. ಲ್ಯಾಟಿನ್ ಮೂಲದ್ದು, ಶಂಕುವಿನ ಆಕಾರದ ಕೊಕ್ಕಿರುವ ಹಕ್ಕಿ ಎಂದರ್ಥ. ಬುಡ ದಪ್ಪ, ತುದಿ ಚೂಪು, ಕಾಳು ಒಡೆಯಲು ಹೇಳಿ ಮಾಡಿಸಿದ ಹಾಗೆ. ಇಷ್ಟು ಅರ್ಥವಾಯಿತು.

ತೊಡಕಿರುವುದು ಬಳಕೆಯಲ್ಲಿ. ಫ್ರಾನ್ಸಿನ ವಿಜ್ಞಾನಿ ಜಾರ್ಜ್ ಕ್ಯೂವಿಯೇ 1817ರಲ್ಲಿ ‘ಕೋನಿರಾಸ್ಟ್ರೀಸ್’ ಅಂತ ಒಂದು ದೊಡ್ಡ ಗುಂಪನ್ನೇ ಮಾಡಿದ್ದರು. ಅದರಲ್ಲಿ ಫಿಂಚ್, ಗುಬ್ಬಿಗಳ ಜೊತೆ ಕಾಗೆಯೂ ಇತ್ತು! (ಕಾಗೆಯನ್ನು ಯಾಕೆ ಸೇರಿಸಿದರೋ.) ಈಗ ಆ ಗುಂಪು ಬಳಕೆಯಲ್ಲಿಲ್ಲ. ನಿಜವಾದ ಫಿಂಚ್‌ಗಳು ಫ್ರಿಂಜಿಲಿಡೇ ಕುಟುಂಬಕ್ಕೆ ಸೇರುತ್ತವೆ, ರಾಟವಾಳಗಳು (ಮುನಿಯಾ ಹಕ್ಕಿಗಳು) ಎಸ್ಟ್ರಿಲ್ಡಿಡೇಗೆ, ಗಲಾಪಗೋಸ್ ದ್ವೀಪಗಳ ಡಾರ್ವಿನ್ ಫಿಂಚ್‌ಗಳು ಥ್ರಾಪಿಡೇಗೆ. ಕೊಕ್ಕು ನೋಡಿ ನೆಂಟಸ್ತಿಕೆ ಹೇಳಲಾಗದು, ಅಲ್ವಾ? ಆದರೂ ಡಾರ್ವಿನ್ ಫಿಂಚ್‌ಗಳಲ್ಲೇ ಒಂದರ ವೈಜ್ಞಾನಿಕ ಹೆಸರು ‘ಜಿಯೋಸ್ಪೈಜಾ ಕೋನಿರಾಸ್ಟ್ರಿಸ್’.

ಹಕ್ಕಿಗಳ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಈ ಪದವನ್ನು ಬರೀ ಕೊಕ್ಕಿನ ಆಕಾರ ಹೇಳಲು ಬಳಸಬಹುದೇ? ಕುಟುಂಬ ಬೇರೆಯಾದರೂ ರಾಟವಾಳಕ್ಕೂ ಹೊಂದುತ್ತದೆಯೇ? ಸುಮ್ನೆ ‘ಶಂಕು ಕೊಕ್ಕಿನ ಹಕ್ಕಿ’ ಎಂದು ಬರೆಯುವುದೇ ವಾಸಿ ಅಂತ ನನಗನ್ನಿಸುತ್ತಿದೆ. ಕ್ಷೇತ್ರದಲ್ಲಿ ಕೆಲಸ ಮಾಡುವವರು ಯಾರಾದರೂ ಇತ್ತೀಚಿನ ಬರಹಗಳಲ್ಲಿ ಇದನ್ನು ನೋಡಿದ್ದರೆ, ಆ ವಾಕ್ಯ ಹೇಗಿತ್ತು ಎಂದು ದಯವಿಟ್ಟು ತಿಳಿಸಿ.