ಮಳೆಗಾಲದಲ್ಲಿ ಫಾಂಡೆಂಟ್ ಬೆವರುತ್ತದೆ, ಕುಕಿಯ ಐಸಿಂಗ್ ಒಣಗುವುದಿಲ್ಲ: ಪರಿಹಾರ ತಿಳಿಸಿ

ಕೋಡಿಬಾಗದ ಒಲೆ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನನ್ನ ಮಗಳ ಆರನೆಯ ಹುಟ್ಟುಹಬ್ಬಕ್ಕೆ ಯಕ್ಷಗಾನದ ವೇಷವನ್ನು ನೆನಪಿಸುವ ಕೇಕನ್ನು ಮನೆಯಲ್ಲೇ ಮಾಡಿದ್ದೆ. ಅಜ್ಜನ ಪಕ್ಕದಲ್ಲಿ ಕುಳಿತು ಆಟ ನೋಡಿ ನೋಡಿ ಅವಳಿಗೆ ಅಭಿಮನ್ಯುವಿನ ಹುಚ್ಚು ಹಿಡಿದಿದೆ. ದುಂಡಗಿನ ಚಾಕೊಲೇಟ್ ಕೇಕಿಗೆ ಬಿಳಿ ಫಾಂಡೆಂಟ್ (ಹಿಟ್ಟಿನಂತೆ ನಾದಿ ಲಟ್ಟಿಸುವ ಸಕ್ಕರೆಯ ಹೊದಿಕೆ) ಹೊದಿಸಿ, ಅದರ ಮೇಲೆ ವೇಷದ ಶಿರೋಭೂಷಣವಾದ ಕೇದಗೆ ಮುಂದಲೆಯನ್ನು ಫಾಂಡೆಂಟಿನಲ್ಲೇ ಮಾಡಿ ನಿಲ್ಲಿಸಿ, ಕೆಂಪು ಮತ್ತು ಕಪ್ಪು ಪಟ್ಟಿಗಳ ನಡುವೆ ಬಿಳಿಯ ಅಂಚು ಕೊಟ್ಟು, ಕೊನೆಯಲ್ಲಿ ಚಿನ್ನದ ಪುಡಿ ಸವರಿದ್ದೆ. ಬಂದ ಮಕ್ಕಳಿಗೆ ಹಂಚಲು ಮುಖವರ್ಣಿಕೆಯ ಚಿತ್ರ ಬರೆದ 24 ಕುಕಿಗಳನ್ನೂ ಮಾಡಿದ್ದೆ.

ಶನಿವಾರ ರಾತ್ರಿ ಹತ್ತು ಗಂಟೆಗೆ ಎಲ್ಲವೂ ಕಣ್ಣಿಗೆ ಹಬ್ಬವಾಗಿತ್ತು. ಕೇಕನ್ನು ಫ್ರಿಜ್ಜಿನಲ್ಲಿಟ್ಟು, ಮರುದಿನ ಸಂಜೆ ನಾಲ್ಕಕ್ಕೆ ಹೊರಗೆ ತೆಗೆದು ಮೇಜಿನ ಮೇಲಿಟ್ಟೆ. ಇಪ್ಪತ್ತು ನಿಮಿಷ ಕಳೆಯುವುದರೊಳಗೆ ಫಾಂಡೆಂಟಿನ ಮೇಲೆಲ್ಲ ನೀರಿನ ಹನಿಗಳು ಮೂಡಿ, ಕೆಂಪು ಬಣ್ಣ ಬಿಳಿಯ ಅಂಚಿಗೆ ಇಳಿದು, ಚಿನ್ನದ ಪುಡಿ ಕೆಸರಿನಂತಾಗಿ, ಮುಂದಲೆ ಎಡಕ್ಕೆ ವಾಲಿತು. ಇದು ಚಕ್ರವ್ಯೂಹದ ಕೊನೆಯ ಗಳಿಗೆಯ ಅಭಿಮನ್ಯುವೇ ಸರಿ ಎಂದು ಮಾವನವರು ನಕ್ಕರು; ನನಗೆ ನಗು ಬರಲಿಲ್ಲ. ಕುಕಿಗಳ ಐಸಿಂಗ್ ಹದಿನಾಲ್ಕು ಗಂಟೆಯಾದರೂ ಕೈಗೆ ಅಂಟುತ್ತಿತ್ತು. ಅಂಚುಗಳಲ್ಲಿ ಎಣ್ಣೆ ಇಳಿದಂತಹ ಕಲೆಗಳೂ ಕಾಣಿಸಿಕೊಂಡವು.

ಈ ಬಾರಿ ಫಾಂಡೆಂಟಿನ ಕಂಪನಿ ಬದಲಾಗಿತ್ತು. ದೋಷ ಅದರದ್ದೇ ಎಂದು ನನ್ನ ಅನುಮಾನ. ಆಗಸ್ಟ್ ಕೊನೆಯಲ್ಲಿ ಕುಮಟೆಯಲ್ಲಿರುವ ಅಣ್ಣನ ಮಗನಿಗೂ ಇಂಥದ್ದೇ ಕೇಕ್ ಬೇಕಂತೆ. ಯಾವ ಕಂಪನಿಯ ಫಾಂಡೆಂಟ್ ನಮ್ಮ ಕರಾವಳಿಯ ಮಳೆಗೆ ತಡೆದೀತು ಎಂದು ಬಲ್ಲವರು ತಿಳಿಸಬೇಕು.

ಶಿರಸಿ ಸೀಮೆಯವಳು

ಕಂಪನಿಯ ವಿಚಾರಕ್ಕೆ ಹೋಗುವ ಮೊದಲು ನಾಲ್ಕು ಸಂಗತಿಗಳನ್ನು ತಿಳಿಸಿ. ಫಾಂಡೆಂಟಿನ ಕೆಳಗೆ ಯಾವ ಕ್ರೀಮ್ ಹಚ್ಚಿದ್ದಿರಿ? ಫ್ರಿಜ್ಜಿನಲ್ಲಿ ಕೇಕ್ ತೆರೆದೇ ಇತ್ತೋ, ಪೆಟ್ಟಿಗೆಯಲ್ಲಿತ್ತೋ? ಬಳಸಿದ್ದು ಪುಟ್ಟ ಬಾಟಲಿಯ ನೀರಾದ ಬಣ್ಣವೋ, ಜೆಲ್ ಬಣ್ಣವೋ? ಕುಕಿಯ ಐಸಿಂಗಿಗೆ ಅಂಗಡಿಯ ಐಸಿಂಗ್ ಸಕ್ಕರೆ ಹಾಕಿದ್ದಿರೋ, ಮಿಕ್ಸಿಯಲ್ಲಿ ಪುಡಿ ಮಾಡಿದ್ದೋ?

ಕೋಡಿಬಾಗದ ಒಲೆ, ಕಾರವಾರ

ಅಕ್ಕಾ, ಒಳಗೂ ಹೊರಗೂ ಹಚ್ಚಿದ್ದು ವಿಪ್ಪಿಂಗ್ ಕ್ರೀಮ್. ಅದು ಹಾಳಾಗಬಾರದೆಂದೇ ಫ್ರಿಜ್ಜಿನಲ್ಲಿಟ್ಟೆ. ಮುಂದಲೆ ಎತ್ತರವಿದ್ದ ಕಾರಣ ಯಾವ ಪೆಟ್ಟಿಗೆಯೂ ಹಿಡಿಯದೆ ತೆರೆದೇ ಇಡಬೇಕಾಯಿತು. ಬಣ್ಣ ಬಾಟಲಿಯದ್ದು. ಕೆಂಪು ಗುಲಾಬಿಯಾಗಿಯೇ ಉಳಿಯುತ್ತಿದ್ದುದರಿಂದ ಹಾಕುತ್ತಾ ಹಾಕುತ್ತಾ ಒಂದೂವರೆ ಚಮಚವಾಯಿತು. ಸಕ್ಕರೆ ಮಿಕ್ಸಿಯಲ್ಲಿ ಪುಡಿ ಮಾಡಿದ್ದು. ಐಸಿಂಗನ್ನು ಒಂದು ಮೊಟ್ಟೆಯ ಬಿಳಿಯಲ್ಲಿ ಕಲಸಿದೆ, ಹರಡಲು ಸುಲಭವಾಗಲಿ ಎಂದು ಎರಡು ಚಮಚ ನೀರನ್ನೂ ಸೇರಿಸಿದೆ.

ಶಿರಸಿ ಸೀಮೆಯವಳು

ಇಷ್ಟು ಓದಿದ ಮೇಲೆ ಕಂಪನಿಯವರನ್ನು ದೂರಲು ನನಗೆ ಮನಸ್ಸು ಬರುತ್ತಿಲ್ಲ. ನಿಮ್ಮ ತೊಂದರೆ ಶುರುವಾದದ್ದು ವಿಪ್ಪಿಂಗ್ ಕ್ರೀಮಿನಿಂದ. ಫಾಂಡೆಂಟ್ ಎಂದರೆ ಬಹುಪಾಲು ಸಕ್ಕರೆ. ಕ್ರೀಮಿನಲ್ಲಿ ನೀರಿನ ಅಂಶ ಹೆಚ್ಚು. ಆ ನೀರನ್ನು ಸಕ್ಕರೆಯ ಹಾಳೆ ಅಡಿಯಿಂದ ರಾತ್ರಿಯಿಡೀ ಹೀರಿಕೊಂಡು ಮೆತ್ತಗಾಗುತ್ತದೆ. ಸಾಲದ್ದಕ್ಕೆ, ಕ್ರೀಮ್ ಇರುವ ಕೇಕನ್ನು ಹೊರಗೆ ಇಡುವ ಹಾಗಿಲ್ಲ, ಫ್ರಿಜ್ಜಿನ ಗತಿಯೇ ಆಗಬೇಕು. ಅಲ್ಲಿಂದ ಎರಡನೆಯ ತೊಂದರೆ ಹುಟ್ಟುತ್ತದೆ.

ತಣ್ಣನೆಯ ಮಜ್ಜಿಗೆ ತುಂಬಿದ ಸ್ಟೀಲ್ ಲೋಟದ ಹೊರಮೈಯಲ್ಲಿ ನೀರು ಮೂಡುವುದನ್ನು ನೀವು ದಿನವೂ ನೋಡುತ್ತೀರಿ. ಆ ನೀರು ಲೋಟದ ಒಳಗಿನದಲ್ಲ, ಗಾಳಿಯದು. ನಿಮ್ಮೂರಿನ ಜುಲೈ ತಿಂಗಳ ಗಾಳಿ 28 ಡಿಗ್ರಿ ಬಿಸಿಯಿದ್ದು ಅದರ ತೇವಾಂಶ ಶೇಕಡಾ 90 ಇದೆ ಎಂದುಕೊಳ್ಳಿ. ಆಗ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಆ ಗಾಳಿ ನೀರು ಬಿಡುತ್ತದೆ. ಫ್ರಿಜ್ಜಿನಿಂದ ಬಂದ ಕೇಕು 4–5 ಡಿಗ್ರಿಯಲ್ಲಿರುತ್ತದೆ, ಅದು ಬೆವರದೆ ಇನ್ನೇನು ಮಾಡೀತು? ಲೋಟವಾದರೆ ಒರೆಸಿ ಮುಗಿಸಬಹುದು. ಸಕ್ಕರೆ ಆ ನೀರಿನಲ್ಲಿ ಕರಗಿ ಪಾಕವಾಗುತ್ತದೆ, ಆ ಪಾಕದ ಜೊತೆಗೇ ಬಣ್ಣ ಹರಿಯುತ್ತದೆ. ಒಂದೂವರೆ ಚಮಚ ನೀರು ಬಣ್ಣ ಹಾಕಿದ ಕೆಂಪು ಪಟ್ಟಿ ಮೊದಲೇ ಹಸಿಯಾಗಿತ್ತು; ಹರಿಯಲು ಅದಕ್ಕೆ ನೆಪವೊಂದು ಸಾಕಿತ್ತು.

ಆದ್ದರಿಂದ ಕೇಕು ಫ್ರಿಜ್ಜಿಗೆ ಹೋಗಬೇಕಾದ ಪ್ರಸಂಗವೇ ಬಾರದಂತೆ ಒಳಗಿನಿಂದ ಬದಲಾಯಿಸಿಕೊಳ್ಳಿ. ಹೊರಗೆ ಗನಾಶ್, ಅಂದರೆ ಚಾಕೊಲೇಟ್ ಮತ್ತು ಕ್ರೀಮಿನ ಮಿಶ್ರಣ, ಹಚ್ಚಿ. ತಂಪಿನ ಊರುಗಳಲ್ಲಿ ಎರಡು ಪಾಲು ಡಾರ್ಕ್ ಚಾಕೊಲೇಟಿಗೆ ಒಂದು ಪಾಲು ಕ್ರೀಮ್ ಸಾಕೆನ್ನುತ್ತಾರೆ. ಕರಾವಳಿಗೆ ಮೂರಕ್ಕೆ ಒಂದು ಇರಲಿ, ಅಂದರೆ 300 ಗ್ರಾಂ ಚಾಕೊಲೇಟಿಗೆ 100 ಗ್ರಾಂ ಕ್ರೀಮ್. ಇದಕ್ಕೆ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ, ಶೇಕಡಾ 25ರಷ್ಟು ಕೊಬ್ಬಿರುವ ಫ್ರೆಶ್ ಕ್ರೀಮೇ ಸಾಕು. ಕ್ರೀಮ್ ಕುದಿ ಬರುವಷ್ಟರಲ್ಲಿ ಇಳಿಸಿ, ಸಣ್ಣಗೆ ಹೆಚ್ಚಿದ ಚಾಕೊಲೇಟಿನ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ನಿಧಾನವಾಗಿ ಕಲಸುತ್ತಾ ಬನ್ನಿ. ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಬೆಣ್ಣೆಯ ಹದಕ್ಕೆ ಬಂದಿರುತ್ತದೆ. ಒಳಗಿನ ಪದರಕ್ಕೂ ಇದನ್ನೇ ಹಾಕಿ. ತಾಜಾ ಹಣ್ಣು, ಹಾಲಿನ ಪಾಕ ಬೇಡ. ಇಂಥ ಕೇಕು ಒಂದು ದಿನ ಹೊರಗಿದ್ದರೂ ಕೆಡುವುದಿಲ್ಲ.

ಇನ್ನು ಮುಂದಲೆಯ ಸಂಗತಿ. 250 ಗ್ರಾಂ ಫಾಂಡೆಂಟಿಗೆ ಒಂದು ಸಣ್ಣ ಚಮಚ ಸಿಎಂಸಿ ಪುಡಿ (ತಿನ್ನಬಹುದಾದ ಅಂಟಿನ ಪುಡಿ) ನಾದಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಆದರೂ ಅಷ್ಟೆತ್ತರದ ಮುಂದಲೆಯನ್ನು ಇಡಿಯಾಗಿ ಫಾಂಡೆಂಟಿನಲ್ಲಿ ಮಾಡುವುದು ಸರಿಯಲ್ಲ, ಅದರ ಭಾರವೇ ಅದನ್ನು ಬೀಳಿಸುತ್ತದೆ. ಕರಗಿಸಿದ ಚಾಕೊಲೇಟಿನಲ್ಲಿ ಚುರುಮುರಿಯನ್ನು ಕಲಸಿ, ಮುಂದಲೆಯ ಆಕಾರಕ್ಕೆ ಒತ್ತಿ, ಗಟ್ಟಿಯಾದ ಮೇಲೆ ಫಾಂಡೆಂಟಿನ ತೆಳುವಾದ ಪಟ್ಟಿಗಳನ್ನು ಸುತ್ತಿರಿ. ಚುರುಮುರಿಯನ್ನು ಬೆಲ್ಲದ ಪಾಕದಲ್ಲಿ ಕಟ್ಟುವ ಆಸೆ ಮಾತ್ರ ಬೇಡ; ಮಳೆಗಾಲದಲ್ಲಿ ಬೆಲ್ಲ ನೀರೊಡೆದು ಜಾರುತ್ತದೆ. ನಡುವೆ ಎರಡು ಬಿದಿರು ಕಡ್ಡಿಗಳನ್ನು ಕೇಕಿನ ತಳದವರೆಗೂ ಇಳಿಸಿ, ಬಡಿಸುವ ಮೊದಲು ಅವುಗಳನ್ನು ತೆಗೆಯಲು ಮರೆಯಬೇಡಿ. ಇದನ್ನು ನಾಲ್ಕು ದಿನ ಮುಂಚೆ ಮಾಡಿಟ್ಟುಕೊಳ್ಳಿ.

ಕೆಂಪಿಗೆ ಜೆಲ್ ಬಣ್ಣ ಬಳಸಿ, ಹಿಂದಿನ ದಿನವೇ ನಾದಿಡಿ. ಕೆಂಪು, ಕಪ್ಪು ಎರಡೂ ರಾತ್ರಿ ಕಳೆದ ಮೇಲೆ ಒಂದು ಛಾಯೆ ಗಾಢವಾಗುತ್ತವೆ. ಕಪ್ಪಿಗೆ ಮೊದಲು ಕೋಕೋ ಪುಡಿ ನಾದಿ ಕಂದು ಮಾಡಿಕೊಂಡರೆ ಅರ್ಧದಷ್ಟು ಬಣ್ಣವೇ ಸಾಕಾಗುತ್ತದೆ. ಚಿನ್ನದ ಪುಡಿಯನ್ನು ನೀರಿನಲ್ಲಿ ಕಲಸದೆ ಒಂದು ಹನಿ ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚಿ. ಡಬ್ಬಿಯ ಮೇಲೆ ತಿನ್ನಲು ಯೋಗ್ಯವೆಂದು ಬರೆದಿರಬೇಕು, ಕರಕುಶಲ ಸಾಮಗ್ರಿಯ ಅಂಗಡಿಯ ಹೊಳೆಯುವ ಪುಡಿ ಹೊಟ್ಟೆಗೆ ಹೋಗುವ ವಸ್ತುವಲ್ಲ.

ಕುಕಿಗಳದ್ದು ಬೇರೆಯದೇ ಕಥೆ, ಆದರೆ ಅಲ್ಲಿಯೂ ಶತ್ರು ನೀರೇ. ಒಂದು ಮೊಟ್ಟೆಯ ಬಿಳಿ 30 ಗ್ರಾಂ ಆಸುಪಾಸಿರುತ್ತದೆ. ಅದಕ್ಕೆ 160–180 ಗ್ರಾಂ ಐಸಿಂಗ್ ಸಕ್ಕರೆ, ಅರ್ಧ ಚಮಚ ನಿಂಬೆರಸ ಸಾಕು. ಚಾಕುವಿನಿಂದ ಗೆರೆ ಎಳೆದಾಗ ಅದು ಹದಿನೈದು ಸೆಕೆಂಡಿನಲ್ಲಿ ಕೂಡಿಕೊಂಡರೆ ಹದ ಸರಿಯಿದೆ. ಐದು ಸೆಕೆಂಡಿಗೇ ಕೂಡಿಕೊಂಡರೆ ಅದು ಮರುದಿನವೂ ಒಣಗುವುದಿಲ್ಲ. ಮಿಕ್ಸಿಯ ಸಕ್ಕರೆಯಲ್ಲಿ ಕಣಗಳು ಉಳಿದು ಐಸಿಂಗ್ ಹಿಂಡುವ ಕೋನಿನ ಬಾಯಿ ಕಟ್ಟುತ್ತವೆ. ಅದನ್ನೇ ಬಳಸುವುದಿದ್ದರೆ 200 ಗ್ರಾಮಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಸೇರಿಸಿ ತೆಳುಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮಕ್ಕಳು ತಿನ್ನುವುದಾದ್ದರಿಂದ ಹಸಿ ಮೊಟ್ಟೆಗಿಂತ ಮೆರಿಂಗ್ ಪುಡಿ (ಒಣಗಿಸಿದ ಮೊಟ್ಟೆಯ ಬಿಳಿಯ ಪುಡಿ) ಸುರಕ್ಷಿತ ಎಂಬುದೂ ನೆನಪಿರಲಿ. ಎಣ್ಣೆಯ ಕಲೆಗಳು ಕುಕಿಯ ಬೆಣ್ಣೆ ಮೇಲಕ್ಕೇರಿದ್ದರಿಂದ ಬಂದವು. ಐಸಿಂಗ್ ತೆಳುವಾಗಿದ್ದು ನಿಧಾನವಾಗಿ ಒಣಗಿದರೆ ಬೆಣ್ಣೆಗೆ ಏರಲು ಬೇಕಾದಷ್ಟು ಸಮಯ ಸಿಗುತ್ತದೆ. ಬೇಯಿಸಿದ ಕುಕಿಗಳನ್ನು ಒಂದು ರಾತ್ರಿ ಕಾಗದದ ಮೇಲೆ ಹರವಿಟ್ಟು ಆಮೇಲೆ ಚಿತ್ರ ಬರೆಯಿರಿ.

ಒಣಗಿಸಲು ಫ್ಯಾನ್ ಮಾತ್ರ ನೆಚ್ಚಬೇಡಿ, ಅದು ಒದ್ದೆ ಗಾಳಿಯನ್ನೇ ಅತ್ತಿಂದಿತ್ತ ತಿರುಗಿಸುತ್ತದೆ. ನಮ್ಮ ಅಜ್ಜಿ ಮಳೆಗಾಲದಲ್ಲಿ ಬಟ್ಟೆ, ಸೌದೆ ಎಲ್ಲವನ್ನೂ ಬಚ್ಚಲೊಲೆಯ ಬಳಿ ಒಣಗಿಸುತ್ತಿದ್ದರು. ಕುಕಿಗೂ ಅದೇ ನ್ಯಾಯ. ಓವನ್ನನ್ನು ಎರಡು ನಿಮಿಷ ಹಚ್ಚಿ ಆರಿಸಿ, ಕೈ ಇಟ್ಟರೆ ಹಿತವಾಗಿ ಬೆಚ್ಚಗಿರುವಷ್ಟಕ್ಕೆ ಬಂದ ಮೇಲೆ ಕುಕಿಗಳನ್ನಿಟ್ಟು, ಬಾಗಿಲನ್ನು ಬೆರಳಗಲ ತೆರೆದು ಇಪ್ಪತ್ತು ನಿಮಿಷ ಬಿಡಿ.

ಕುಮಟೆಯ ಅತ್ತೆ

ಎಲ್ಲವೂ ಒಪ್ಪತಕ್ಕ ಮಾತು. ಆದರೆ ಕರಾವಳಿಯವರು ಮಳೆಗಾಲದಲ್ಲಿ ಫಾಂಡೆಂಟಿನ ಹಟವನ್ನೇಕೆ ಹಿಡಿಯಬೇಕು ಎಂಬುದು ನನ್ನ ಪ್ರಶ್ನೆ. ಕ್ರಿಸ್ಮಸ್ಸಿಗೆ ನಮ್ಮ ನೆರೆಮನೆಯವರು ಗೋಡಂಬಿಯ ಮಾರ್ಜಿಪಾನ್ ಮಾಡಿ ಅಚ್ಚಿನಲ್ಲಿ ಹೂವು, ಮೀನು, ನಕ್ಷತ್ರಗಳನ್ನು ಒತ್ತುತ್ತಾರೆ. ಗೋಡಂಬಿ ಬರ್ಫಿಯ ಹಿಟ್ಟನ್ನು ಇನ್ನೂ ಸ್ವಲ್ಪ ಗಟ್ಟಿಗೆ ಕಾಯಿಸಿಕೊಂಡರೂ ಅಂಥದ್ದೇ ಹದ ಬರುತ್ತದೆ. ಗೋಡಂಬಿಯ ಜಿಡ್ಡು ಇರುವುದರಿಂದ ಅದು ಫಾಂಡೆಂಟಿನಷ್ಟು ಬೇಗ ನೀರು ಹೀರುವುದಿಲ್ಲ. ಮಕ್ಕಳು ಫಾಂಡೆಂಟನ್ನು ಸುಲಿದು ತಟ್ಟೆಯ ಅಂಚಿಗೆ ಇಡುತ್ತಾರೆ, ಇದನ್ನಾದರೆ ತಿನ್ನುತ್ತಾರೆ. ಯಾರಿಗಾದರೂ ಗೋಡಂಬಿ ಆಗದೆಂದಿದ್ದರೆ ಮೊದಲೇ ಕೇಳಿಕೊಳ್ಳಿ.

ಶಿರಸಿ ಸೀಮೆಯವಳು

ಅತ್ತೆಯವರ ಮಾತು ರುಚಿಯ ದೃಷ್ಟಿಯಿಂದ ನೂರಕ್ಕೆ ನೂರು ಸರಿ. ತೊಡಕಿರುವುದು ಬಿಳಿಯ ಬಣ್ಣದಲ್ಲಿ: ಗೋಡಂಬಿ ಹಿಟ್ಟು ಕೆನೆಬಣ್ಣಕ್ಕಿಂತ ಬೆಳ್ಳಗೆ ಬರುವುದಿಲ್ಲ. ಕೆಂಪು, ಕಪ್ಪು ಪಟ್ಟಿಗಳಿಗೆ ಅದನ್ನು ಬಳಸಿ, ಬಿಳಿಯ ಅಂಚಿಗೆ ಮಾತ್ರ ಫಾಂಡೆಂಟ್ ಇಟ್ಟುಕೊಳ್ಳಬಹುದು.

ಕೋಡಿಬಾಗದ ಒಲೆ, ಕಾರವಾರ

ಇವತ್ತು ಕುಕಿಗಳ ಪರೀಕ್ಷೆ ಮಾಡಿದೆ. ಓವನ್ನಿನ ಉಪಾಯದಿಂದ ಐಸಿಂಗ್ ಆರು ಗಂಟೆಯಲ್ಲಿ ಗಟ್ಟಿಯಾಯಿತು. ಆದರೆ ಪೇಟೆಯ ಬಣ್ಣ ಕಡಿಮೆ ಮಾಡೋಣವೆಂದು ಅಂಗಳದ ಕೆಂಪು ದಾಸವಾಳವನ್ನು ಬಿಸಿನೀರಿನಲ್ಲಿ ನೆನೆಸಿ ಹಾಕಿದರೆ, ಐಸಿಂಗ್ ಬೂದಿ ಮಿಶ್ರಿತ ನೀಲಿಯಾಯಿತು! ಇದೇಕೆ ಹೀಗೆ?

ಶಿರಸಿ ಸೀಮೆಯವಳು

ದಾಸವಾಳದ ಬಣ್ಣ ಹುಳಿಯಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ನೀಲಿಯಾಗಿಯೂ ಕಾಣುತ್ತದೆ. ಮೊಟ್ಟೆಯ ಬಿಳಿ ಕ್ಷಾರದ ಕಡೆಗಿರುತ್ತದೆ. ನಿಂಬೆರಸವನ್ನು ಹನಿಹನಿಯಾಗಿ ಬಿಟ್ಟು ಕಲಸಿದರೆ ಗುಲಾಬಿಗೆ ತಿರುಗುತ್ತದೆ, ಆದರೆ ಯಕ್ಷಗಾನದ ಕೆಂಪು ಅದರಿಂದ ಎಂದೂ ಬಾರದು. ಉಪ್ಪು ಹಾಕದ ಮುರುಗಲು (ಕೋಕಂ) ಸಿಪ್ಪೆ ಸಿಕ್ಕರೆ ಅದರಲ್ಲೇ ಹುಳಿಯಿದೆ. ಎರಡು ಚಮಚ ಬಿಸಿನೀರಿನಲ್ಲಿ ನೆನೆಸಿ ಗಟ್ಟಿಯಾಗಿ ಹಿಂಡಿ, ಅಷ್ಟು ನೀರಿಗೆ ತಕ್ಕಂತೆ ಸಕ್ಕರೆ ಹೆಚ್ಚಿಸಿ. ತೆಳು ಬಣ್ಣದ ಹೂವುಗಳಿಗೆ ಇವು ಚೆಂದ, ಮುಂದಲೆಗೆ ಜೆಲ್ ಬಣ್ಣವೇ ಇರಲಿ.

ಕೋಡಿಬಾಗದ ಒಲೆ, ಕಾರವಾರ

ಕುಮಟೆಯ ಕೇಕ್ ನಿನ್ನೆ ಮುಗಿಯಿತು, ವರದಿ ಒಪ್ಪಿಸುತ್ತಿದ್ದೇನೆ. ಗನಾಶ್ ಹಚ್ಚಿ, ಪಟ್ಟಿಗಳನ್ನು ಗೋಡಂಬಿ ಹಿಟ್ಟಿನಲ್ಲಿ ಮಾಡಿ, ಚುರುಮುರಿಯ ಮುಂದಲೆಗೆ ಸುತ್ತಿ, ಕೇಕನ್ನು ಫ್ರಿಜ್ಜಿಗೆ ತೋರಿಸದೆ ಕಾರಿನಲ್ಲಿ ಅಂಕೋಲಾ ಮಾರ್ಗವಾಗಿ ಒಯ್ದೆ. ಮುಂದಲೆ ಒಂದು ಕೂದಲೆಳೆಯಷ್ಟೂ ವಾಲಲಿಲ್ಲ. ಕುಕಿಗಳಲ್ಲಿ ಕೆಂಪು ಬಿಳಿಗೆ ಹತ್ತಲಿಲ್ಲ. ಬಿಳಿಯನ್ನು ಒಂದು ರಾತ್ರಿ ಒಣಗಿಸಿ ಆಮೇಲೆ ಕೆಂಪು ಬರೆದೆ. ಅಚ್ಚರಿಯೆಂದರೆ ಅಣ್ಣನ ಮನೆಯಲ್ಲಿ ಪೆಟ್ಟಿಗೆ ತೆರೆದ ಕೂಡಲೇ ಬಿಳಿಯ ಫಾಂಡೆಂಟ್ ಸ್ವಲ್ಪ ಮಂಜು ಹಿಡಿದು ಹೊಳೆಯತೊಡಗಿತು. ಹನಿ ಮೂಡಲಿಲ್ಲ, ಅರ್ಧ ಗಂಟೆಯಲ್ಲಿ ತಾನಾಗಿಯೇ ಸರಿಹೋಯಿತು. ಫ್ರಿಜ್ಜೇ ಇಲ್ಲದೆ ಬೆವರು ಎಲ್ಲಿಂದ ಬಂತು?

ಶಿರಸಿ ಸೀಮೆಯವಳು

ಕಾರಿನ ಏಸಿ 22 ಅಥವಾ 24 ಡಿಗ್ರಿಗೆ ಇದ್ದಿರಬೇಕು. ಹೊರಗಿನ ಗಾಳಿ 26 ಡಿಗ್ರಿಯಲ್ಲೇ ನೀರು ಬಿಡುವಂತಿದ್ದರೆ ಅಷ್ಟು ತಂಪೂ ಸಾಕು. ಮುಂದಿನ ಸಲ ಇಳಿಯುವ ಅರ್ಧ ಗಂಟೆ ಮೊದಲೇ ಏಸಿ ಆರಿಸಿ, ಮನೆಗೆ ಬಂದ ಮೇಲೂ ಒಂದು ಗಂಟೆ ಪೆಟ್ಟಿಗೆಯನ್ನು ಮುಚ್ಚಿಯೇ ಇಡಿ. ನೀರು ಮೂಡುವುದಿದ್ದರೆ ಪೆಟ್ಟಿಗೆಯ ರಟ್ಟಿನ ಮೇಲೆ ಮೂಡಲಿ. ಮಂಜು ಹಿಡಿದಾಗ ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ಮುಟ್ಟದೆ ಬಿಟ್ಟಿರಲ್ಲ, ಅದು ಒಳ್ಳೆಯದಾಯಿತು. ಒರೆಸಿದ್ದರೆ ಕಲೆ ಹಾಗೆಯೇ ಉಳಿಯುತ್ತಿತ್ತು.

ಕೋಡಿಬಾಗದ ಒಲೆ, ಕಾರವಾರ

ಒರೆಸಲು ಅತ್ತಿಗೆ ಟಿಶ್ಯೂ ಕಾಗದ ಹಿಡಿದುಕೊಂಡು ಬಂದಿದ್ದರು, ನಾನೇ ತಡೆದೆ. ಸಮಸ್ಯೆ ಪರಿಹಾರವಾಗಿದೆ ಎಂದು ಗುರುತು ಹಾಕುತ್ತಿದ್ದೇನೆ ಅಕ್ಕಾ. ಬಿದಿರು ಕಡ್ಡಿಗಳನ್ನು ಎಣಿಸಿ ತೆಗೆದಿದ್ದೇನೆ, ಎರಡೂ ಸಿಕ್ಕವು.