ಅಜ್ಜನ ಸೋಲ್ಡರಿಂಗ್ ಐರನ್ ಮತ್ತು ಒಂದು ಫಾರ್ವರ್ಡ್

ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಶಿರಸಿಯ ದೊಡ್ಡಪ್ಪನೇ ಅಡ್ಮಿನ್. ಬದುಕಿಡೀ ಕನ್ನಡ ಕಲಿಸಿದವರಾದ್ದರಿಂದ ಗುಂಪಿನಲ್ಲಿ ಅರ್ಧ ವಾಕ್ಯ, ಹೆಬ್ಬೆರಳಿನ ಚಿತ್ರ ಎರಡೂ ನಿಷಿದ್ಧ. ಹೀಗಾಗಿ ಇಲ್ಲಿ ಜಗಳವೂ ವ್ಯಾಕರಣಬದ್ಧವಾಗಿಯೇ ನಡೆಯುತ್ತದೆ. ತಂತಿ ಬೆಸೆಯುವ ಅಜ್ಜನ ಸೋಲ್ಡರಿಂಗ್ ಐರನ್ನಿನ ಬಗ್ಗೆ ಕಳೆದ ಭಾನುವಾರ ನಡೆದದ್ದನ್ನು, ನನ್ನ ಫೋನಿನಲ್ಲಿ ಅವರವರ ಹೆಸರು ಹೇಗಿದೆಯೋ ಹಾಗೆಯೇ ಇಟ್ಟು, ಇಲ್ಲಿ ಇಳಿಸಿದ್ದೇನೆ. ಇದರಲ್ಲಿ ಬಿಟ್ ಎಂದರೆ ಐರನ್ನಿನ ತುದಿಯಲ್ಲಿ ಬಿಸಿಯಾಗುವ ಲೋಹದ ಕಡ್ಡಿ, ಲೆಡ್ ಎಂದರೆ ಬೆಸುಗೆಗೆ ಕರಗಿಸುವ ತವರ-ಸೀಸದ ಮಿಶ್ರಣ.

ಯಲ್ಲಾಪುರ ಚಿಕ್ಕಪ್ಪ, 6:42 (ಫಾರ್ವರ್ಡ್): ನಿಮ್ಮ ಸೋಲ್ಡರಿಂಗ್ ಐರನ್ನಿನ ತುದಿ ಕಪ್ಪಾಗಿ ಲೆಡ್ ಹಿಡಿಯುತ್ತಿಲ್ಲವೇ? ಅಂಗಡಿಯವರು ಎಂದೂ ಹೇಳದ ಗುಟ್ಟು ಇಲ್ಲಿದೆ! ತುದಿಯನ್ನು ಅರದಿಂದ ಹೊಳೆಯುವವರೆಗೆ ಉಜ್ಜಿ, ಶೌಚಾಲಯ ತೊಳೆಯುವ ಆಸಿಡ್‌ನಲ್ಲಿ ಎರಡು ನಿಮಿಷ ಅದ್ದಿ ತೆಗೆದರೆ ಐರನ್ ಹೊಸದಾಗುತ್ತದೆ. ಹತ್ತು ಜನರಿಗೆ ಕಳುಹಿಸಿ.

ಯಲ್ಲಾಪುರ ಚಿಕ್ಕಪ್ಪ, 6:44: ಅಣ್ಣ, ಅಪ್ಪನ ಐರನ್ ಮೆತ್ತಿಯ ಮೇಲೆ ಹಾಳಾಗಿ ಬಿದ್ದಿದೆ ಎಂದು ನೀನು ಚೌತಿಯಲ್ಲಿ ಹೇಳಿದ್ದೆಯಲ್ಲ, ಅದಕ್ಕಾಗಿ ಕಳುಹಿಸಿದ್ದೇನೆ. ಬಿಟ್ ಸಿಗುವುದಿಲ್ಲವೆಂದು ಇಡೀ ಸಾಮಾನನ್ನೇ ಎಸೆಯುವ ಕಾಲ ಬರುತ್ತದೆ ಎಂದು ನಾನು ಮೊದಲೇ ಹೇಳಿದ್ದೆ.

ಶಿರಸಿ ದೊಡ್ಡಪ್ಪ, 7:10: ಉಪಯುಕ್ತ ಮಾಹಿತಿ. ನಮ್ಮ ಅಪ್ಪ ಆ ಒಂದೇ ಐರನ್ನಿನಲ್ಲಿ ಊರಿನ ಅರ್ಧ ರೇಡಿಯೋಗಳನ್ನು ರಿಪೇರಿ ಮಾಡಿದರು. ಈಗಿನವರು ಚಾರ್ಜರಿನ ತಂತಿಯೊಂದು ಕಿತ್ತರೆ ಚಾರ್ಜರನ್ನೇ ತಿಪ್ಪೆಗೆ ಹಾಕುತ್ತಾರೆ. ವಸ್ತುವಿಗೆ ಮರ್ಯಾದೆ ಕೊಡದವನು ಮನುಷ್ಯರಿಗೂ ಕೊಡುವುದಿಲ್ಲ ಎಂಬುದನ್ನು ಚಿಕ್ಕವರು ನೆನಪಿಡಬೇಕು.

ಕಾರವಾರ ಭಾವ, 7:26: ಮಾವ, ಇದನ್ನು ಬರೆದವರು ಯಾರು, ಯಾವ ತಯಾರಕರ ಕೈಪಿಡಿಯಲ್ಲಿದೆ ಎಂದು ದಯವಿಟ್ಟು ತಿಳಿಸಿ. ಈಗ ಸಿಗುವ ಬಹಳಷ್ಟು ಬಿಟ್‌ಗಳು ಒಳಗೆ ತಾಮ್ರ, ಮೇಲೆ ತೆಳುವಾದ ಕಬ್ಬಿಣದ ಲೇಪ ಇರುವಂಥವು. ಕರಗಿದ ತವರ ತಾಮ್ರವನ್ನು ಬೇಗನೆ ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಕಬ್ಬಿಣವನ್ನು ಬಹಳ ನಿಧಾನವಾಗಿ. ಲೇಪ ಇರುವುದೇ ಆ ಕಾರಣಕ್ಕೆ. ಅದನ್ನು ಅರದಿಂದ ಕಿತ್ತರೆ ತುದಿಯು ಇಲಿ ಕೊರೆದ ಸೀಯಾಳದಂತೆ ಗುಳಿ ಬೀಳುತ್ತದೆ. ಅಂಥ ಬಿಟ್ಟನ್ನು ಬಿಸಿಯಿರುವಾಗ ಒದ್ದೆ ಸ್ಪಂಜಿನಲ್ಲಿ ಒರೆಸಿ, ಆರಿಸುವ ಮುನ್ನ ಲೆಡ್ ಸವರಿಡುವುದೇ ಸರಿ. ಆಸಿಡ್ ಅಂತೂ ಆ ಕಬ್ಬಿಣವನ್ನೇ ತಿನ್ನುತ್ತದೆ.

ಯಲ್ಲಾಪುರ ಚಿಕ್ಕಪ್ಪ, 7:31: ಮೂಲ ಕೇಳುವವರು ಮೊದಲು ಒಂದು ಲೆಕ್ಕ ಕೊಡಲಿ. ಆ ಐರನ್ ಕಾರವಾರಕ್ಕೆ ಹೋಗುವ ಮುನ್ನ ಅದರ ಬಿಟ್ ಸಲೀಸಾಗಿ ಹೊರಬರುತ್ತಿತ್ತು. ಒಂದು ಮಳೆಗಾಲ ಅಲ್ಲಿದ್ದು ಮರಳಿದ ಮೇಲೆ ಅಲುಗಾಡುತ್ತಿಲ್ಲ.

ಕಾರವಾರ ಭಾವ, 7:40: ಇನ್ವರ್ಟರ್ ತಂತಿ ಬೆಸೆಯಲು ತಂದದ್ದು ನಿಜ, ಆದರೆ ಬರುವಾಗಲೇ ಬಿಟ್ ಕಚ್ಚಿಕೊಂಡಿತ್ತು. ಬಿಸಿಗೆ ತಾಮ್ರದ ಮೇಲೆ ಕಿಟ್ಟ ಬೆಳೆದು, ಬಿಟ್ ತಾನು ಕೂರುವ ಕೊಳವೆಯೊಳಗೆ ಬಿಗಿಯುತ್ತದೆ. ಐರನ್ ತಣ್ಣಗಿರುವಾಗ ಆಗಾಗ ಸ್ಕ್ರೂ ಸಡಿಲಿಸಿ, ಬಿಟ್ ಹೊರತೆಗೆದು ಕಿಟ್ಟ ಉದುರಿಸದಿದ್ದರೆ ಶಿರಸಿಯಲ್ಲೂ ಕಚ್ಚುತ್ತದೆ. ಎಲ್ಲ ತಪ್ಪನ್ನೂ ಸಮುದ್ರದ ಗಾಳಿಯ ಮೇಲೆ ಹಾಕುವುದು ಘಟ್ಟದ ಮೇಲಿನವರ ಹಳೆಯ ಅಭ್ಯಾಸ.

ಕುಮಟಾ ಅತ್ತೆ, 8:15: ಐರನ್ನಿಗೆ ಆಸಿಡ್ ಹಾಕಿದರೆ ಸೀರೆ ಉಳಿಯುತ್ತದೆಯೇ? ಇಂಥದ್ದನ್ನೆಲ್ಲ ನಂಬಬೇಡಿ.

(ಇದು ಇಸ್ತ್ರಿಪೆಟ್ಟಿಗೆಯ ವಿಷಯವಲ್ಲ ಎಂದು ಅತ್ತೆಗೆ ತಿಳಿಸಲು ನಾಲ್ಕು ಸಂದೇಶಗಳು ಬೇಕಾದವು. ಅವುಗಳನ್ನು ಬಿಟ್ಟಿದ್ದೇನೆ.)

ಬೆಂಗಳೂರು ಅಣ್ಣ, 8:52: ನನಗಂತೂ ರಾಳದ ವಾಸನೆಯೇ ಮೂಗಿಗೆ ಬಂತು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದದ್ದು, ಅದನ್ನು ಕೇಳಬೇಕೆಂದೇ ಅಜ್ಜ ರೇಡಿಯೋ ಕೆಲಸ ಕಲಿತದ್ದು, ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸಿನ ಹಣ ಕಟ್ಟಿದ್ದು, ಎಲ್ಲವನ್ನೂ ಅವರ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ! ಕೆಲಸಕ್ಕೆ ಕೂರುವ ಮುನ್ನ ಅವರು ಬಿಟ್ಟಿಗೆ ಒಂದೆರಡು ಸಲ ಅರ ಎಳೆದು, ಬಿಸಿಯಾದ ಕೂಡಲೇ ನವಸಾಗರದ ಹೆಂಟೆಯ ಮೇಲೆ ತಿಕ್ಕುತ್ತಿದ್ದರು. ಹಂಡೆಗೆ ಕಲಾಯಿ ಹಾಕುವವನ ಹತ್ತಿರ ಏಳುತ್ತಿದ್ದ ಅದೇ ಬಿಳಿ ಹೊಗೆ ಜಗಲಿಯನ್ನೆಲ್ಲ ತುಂಬುತ್ತಿತ್ತು.

ಶಿರಸಿ ದೊಡ್ಡಪ್ಪ, 9:03: ಅಪ್ಪನೇ ಅರ ಎಳೆಯುತ್ತಿದ್ದರು ಎಂದ ಮೇಲೆ ತಮ್ಮ ಕಳುಹಿಸಿದ್ದು ಸತ್ಯವೇ ಆಯಿತು. ಹಿರಿಯರ ಅನುಭವಕ್ಕೆ ಕೈಪಿಡಿ ಕೇಳಬಾರದು.

ಕಾರವಾರ ಭಾವ, 9:09: ಅವರದು ಬರಿಯ ತಾಮ್ರದ ಬಿಟ್ ಆಗಿರಬೇಕು, ಅದಕ್ಕೆ ಅರ ಸರಿಯೇ. ಈಗ ಅದರಲ್ಲಿ ಇರುವುದು ಅದೇ ಬಿಟ್ಟೋ ಅಲ್ಲವೋ ಎಂಬುದಷ್ಟೇ ನನ್ನ ಪ್ರಶ್ನೆ.

ಯಲ್ಲಾಪುರ ಚಿಕ್ಕಪ್ಪ, 9:14: ಅಲ್ಲ. ಹುಬ್ಬಳ್ಳಿಯಿಂದ ಹೊಸ ಬಿಟ್ ತಂದು ಹಾಕಿಸಿದವನು ನಾನು. ಅದರ ಹಣವನ್ನು ಇಂದಿನವರೆಗೆ ಯಾರೂ ಕೊಟ್ಟಿಲ್ಲ.

(ಹಣದ ಮಾತು ಮುಕ್ಕಾಲು ಗಂಟೆ ನಡೆಯಿತು. ಬಿಟ್ ಎಂಥದ್ದೆಂದು ಯಾರೂ ಕೇಳಲಿಲ್ಲ.)

ನಾನು, 10:02: ದೊಡ್ಡಪ್ಪ, ಒಡೆದ ಸ್ಪೀಕರಿನ ಅಯಸ್ಕಾಂತವನ್ನು ಕೊಳವೆಗೆ ತಾಗಿಸದೆ ಬಿಟ್ಟಿನ ತುದಿಗೆ ಮಾತ್ರ ಹಿಡಿದು ನೋಡಿ, ಕಬ್ಬಿಣದ ಲೇಪವಿದ್ದರೆ ಎಳೆಯುತ್ತದೆ, ಬರಿಯ ತಾಮ್ರವಾದರೆ ಇಲ್ಲ. ಪ್ಲಗ್ ಹಾಕುವ ಮುನ್ನ ಮಲ್ಟಿಮೀಟರ್ ಇಟ್ಟು ನೋಡುವುದೂ ಒಳ್ಳೆಯದು: 230 ವೋಲ್ಟಿನ 35 ವ್ಯಾಟ್ ಐರನ್ನಿನ ಎರಡು ಪಿನ್ನುಗಳ ನಡುವೆ ಸುಮಾರು 1,500 ಓಮ್ ತೋರಿಸಬೇಕು, ಏನೂ ತೋರಿಸದಿದ್ದರೆ ಎಲಿಮೆಂಟ್ ಅಥವಾ ವೈರ್ ಕಡಿದಿದೆ, ಪಿನ್ನಿಗೂ ಲೋಹದ ಕೊಳವೆಗೂ ಸಂಪರ್ಕ ತೋರಿಸಿದರೆ ಶಾಕ್ ಹೊಡೆಯುತ್ತದೆ. ಕಚ್ಚಿದ ಬಿಟ್ಟನ್ನು ಇಕ್ಕಳ ಹಾಕಿ ತಿರುಚಬೇಡಿ, ಒಳಗಿನ ಅಭ್ರಕ ಒಡೆದು ಎಲಿಮೆಂಟಿನ ನೈಕ್ರೋಮ್ ತಂತಿ ತುಂಡಾಗುತ್ತದೆ. ಹೊಸ ಬಿಟ್ ಬೇಕೆಂದರೆ ಕಂಪನಿಯ ಹೆಸರು ಸಾಲದು. ಕೊಳವೆಯೊಳಗೆ ಕೂರುವ ಭಾಗದ ವ್ಯಾಸವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ತಿಳಿಸಿದರೆ ಅಣ್ಣ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಬಹುದು, ಏಕೆಂದರೆ ಸಡಿಲವಾಗಿ ಕೂತ ಬಿಟ್ಟಿಗೆ ಬಿಸಿ ಏರುವುದಿಲ್ಲ. ಎಲ್ಲೂ ಸಿಗದಿದ್ದರೆ ಅದೇ ದಪ್ಪದ ತಾಮ್ರದ ಸರಳಿನ ತುಂಡಾದರೂ ನಡೆಯುತ್ತದೆ.

ಬೆಂಗಳೂರು ಅಣ್ಣ, 10:20: ಎಸ್.ಪಿ. ರೋಡಿನಲ್ಲಿ ಗಾಡಿ ನಿಲ್ಲಿಸುವ ಕಷ್ಟ ನಿನಗೆ ಗೊತ್ತಿಲ್ಲ.

ಶಿರಸಿ ದೊಡ್ಡಪ್ಪ, 11:05: ಅಯಸ್ಕಾಂತ ಬಿಟ್ಟಿಗೆ ಅಂಟಲಿಲ್ಲ. ಹುಬ್ಬಳ್ಳಿಯಿಂದ ತಂದದ್ದೂ ತಾಮ್ರದ್ದೇ ಇದ್ದಿರಬಹುದು, ಅಥವಾ ಅದನ್ನು ತಂದೇ ಇಲ್ಲದಿರಬಹುದು. ಆ ವಿಚಾರಣೆ ಈಗ ಬೇಡ. ಮೀಟರಿನಲ್ಲಿ 1,480 ಬಂತು, ಕೊಳವೆಗೆ ಸಂಪರ್ಕವಿಲ್ಲ.

ಕಾರವಾರ ಭಾವ, 11:08: ಹಾಗಾದರೆ ಅರ ಎಳೆಯಲು ನನ್ನ ಅಡ್ಡಿಯಿಲ್ಲ, ಆಸಿಡ್ ಮಾತ್ರ ಬೇಡ. ಉಜ್ಜಿದ ಕೂಡಲೇ ಬಿಸಿಗಿಟ್ಟು, ಹೊಳಪು ಮಾಸುವ ಮೊದಲೇ ಒಳಗೆ ರಾಳವಿರುವ ಲೆಡ್ ತಂತಿಯನ್ನು ತಾಗಿಸುತ್ತಲೇ ಇರಬೇಕು. 60/40ರ (ತವರ 60, ಸೀಸ 40) ಲೆಡ್ ಸುಮಾರು 190 ಡಿಗ್ರಿಯೊಳಗೆ ಕರಗಿ ತುದಿಯನ್ನು ಮುಚ್ಚುತ್ತದೆ. ಸರ್ಕ್ಯೂಟ್ ಬೋರ್ಡಿನ ಕೆಲಸಕ್ಕೆ ನವಸಾಗರ ಬಳಸಬೇಡಿ, ಅದರ ಶೇಷ ತಾಮ್ರದ ಗೆರೆಗಳನ್ನು ತಿನ್ನುತ್ತದೆ.

ಶಿರಸಿ ದೊಡ್ಡಪ್ಪ, 11:12: ಎಲ್ಲವೂ ಸರಿ, ಆದರೆ ಅಪ್ಪನ ಅರ ಪೆಟ್ಟಿಗೆಯಲ್ಲಿಲ್ಲ.

ಕುಮಟಾ ಅತ್ತೆ, 11:14: ಅಣ್ಣ, ಹಿಸೆಯಾದ ವರ್ಷ ಮೆಟ್ಟುಗತ್ತಿ ಮಸೆಯುವುದಕ್ಕೆಂದು ತಮ್ಮನೇ ಅದನ್ನು ಯಲ್ಲಾಪುರಕ್ಕೆ ಕೊಂಡುಹೋದದ್ದು. ನಾನು ಬಾಗಿಲಲ್ಲೇ ನಿಂತಿದ್ದೆ.

ಯಲ್ಲಾಪುರ ಚಿಕ್ಕಪ್ಪ, 11:31 (ಫಾರ್ವರ್ಡ್): ನಿಮ್ಮ ಹಳೆಯ ಅರ ಮೊಂಡಾಗಿದೆಯೇ? ಎಸೆಯಬೇಡಿ! ಅಂಗಡಿಯವರು ಎಂದೂ ಹೇಳದ ಗುಟ್ಟು ಇಲ್ಲಿದೆ!