ಮಂಗನ ಕಾಯಿಲೆ ಸೀಸನ್: ಒಂಟಿ ಮನೆ, ತೋಟದ ಶೆಡ್‌ಗಳ ಭೇಟಿ ಹೇಗೆ ಹೊಂದಿಸೋದು?

ಬೆಟ್ಟದಂಚು:
ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಆಗಿದ್ದೇನೆ. ಒಂಟಿ ಮನೆಗಳೇ ಹೆಚ್ಚು, ಒಂದರಿಂದ ಇನ್ನೊಂದಕ್ಕೆ ಹಳ್ಳ ದಾಟಬೇಕು. ಅಡಿಕೆ ಕೊಯ್ಲಿಗೆ ಬಯಲುಸೀಮೆಯಿಂದ ಬಂದವರು ತೋಟದ ಶೆಡ್‌ಗಳಲ್ಲಿದ್ದಾರೆ. ಹಗಲು ಹೋದರೆ ಮುದುಕರು, ಮಕ್ಕಳು ಬಿಟ್ಟು ಯಾರೂ ಸಿಗಲ್ಲ. ಉಣುಗು ಹತ್ತದಂತೆ ಮೈಗೆ ಹಚ್ಚೋ ಡೇಪಾ ಎಣ್ಣೆ ಬಾಟಲಿ ಕೊಟ್ಟರೆ ಗೂಡಿನಲ್ಲಿ ಹಾಗೇ ಕೂತಿರುತ್ತೆ. ಜ್ವರ ಬಂದರೆ ಅಂಗಡಿ ಮಾತ್ರೆ ನುಂಗಿ ಮತ್ತೆ ಕೂಲಿಗೆ. ಲಸಿಕೆಯೂ ನಿಂತಿದೆ. ಯಾರನ್ನು ಮೊದಲು ನೋಡಲಿ? ರಕ್ತ ಯಾವಾಗ ತೆಗೀಲಿ? ಗುಣವಾಗಿ ಮನೆಗೆ ಬಂದವರನ್ನು ಎಲ್ಲಿವರೆಗೆ ನೋಡಬೇಕು?

ಕಾನುದಾರಿ:
ಮೇಡಂ, ಮನೆ ನಂಬರ್ ಹಿಡಿದು ಸರ್ವೆ ಮಾಡಿದರೆ ಈ ಕಾಯಿಲೆಗೆ ಏನೂ ಉಪಯೋಗ ಇಲ್ಲ. ಯಾರು ಯಾವ ಕೆಲಸಕ್ಕೆ ಕಾಡಿಗೆ ಹೋಗ್ತಾರೆ ಅಂತ ಆಶಾ ಜೊತೆ ಕೂತು ಪಟ್ಟಿ ಮಾಡಿ. ದರಗು (ಉದುರಿದ ಒಣ ಎಲೆ) ಗುಡಿಸೋರು, ಸೌದೆ ತರೋರು, ಸೊಪ್ಪಿನ ಬೆಟ್ಟಕ್ಕೆ ಹೋಗೋರು, ದನ ಕಾಯೋರು ಮೊದಲು. ನವೆಂಬರ್ ಕೊನೆಯಿಂದ ಮೇ ತನಕ ಕಾಯಿಲೆ ಹರಡೋದು ಮರಿ ಉಣುಗು, ರಾಗಿ ಕಾಳಿನಷ್ಟು. ಅದು ಇರೋದು ನೆಲದ ಒಣ ಎಲೆಯಲ್ಲಿ. ಹಾಗಾಗಿ ಮರ ಹತ್ತೋ ಕೊನೆಗಾರನಿಗಿಂತ ಕೆಳಗೆ ದರಗು ಒಟ್ಟುವ ಹೆಂಗಸಿಗೆ ಅಪಾಯ ಜಾಸ್ತಿ. ದರಗಿನ ರಾಶಿ ಅಂಗಳದಲ್ಲೇ ಇದ್ದರೆ ಕಾಡಿಗೇ ಹೋಗದ ಅಜ್ಜಿಯನ್ನೂ ಪಟ್ಟಿಯಿಂದ ಬಿಡಬೇಡಿ.

ಭೇಟಿ ಸಮಯ ಬದಲಿಸಿ. ಸಂಜೆ ಅಡಿಕೆ ಸುಲಿಯೋ ಕಡೆ ಹೋಗಿ. ಮೆಟ್ಟುಗತ್ತಿ ಮುಂದೆ ಇಡೀ ಗುಂಪು ಸಿಗುತ್ತೆ, ಕೈಗೆ ಕೆಲಸ, ಕಿವಿಗೆ ಬಿಡುವು. ಭಾಷಣ ಬೇಡ, ಎಣ್ಣೆ ಹಚ್ಚಿ ತೋರಿಸಿ. ಎಣ್ಣೆ ಮೂಲೆಗೆ ಬೀಳೋಕೆ ದೊಡ್ಡ ಕಾರಣ ಜಿಡ್ಡು: ಅಂಗೈಗೆ ತಾಗಿದರೆ ಕತ್ತಿ ಹಿಡಿ ಜಾರುತ್ತೆ. ಪಾದ, ಮೀನಖಂಡ, ತೊಡೆ, ಮುಂಗೈ, ಕುತ್ತಿಗೆಗೆ ಹಚ್ಚಿ ಅಂಗೈಯನ್ನು ಬಟ್ಟೆಗೆ ಒರೆಸಿಕೊಳ್ಳಲಿ. ಕಣ್ಣು, ತುಟಿ, ಗಾಯದ ಹತ್ತಿರ ಬೇಡ. ಬೆವರಿ, ನೀರಲ್ಲಿ ಇಳಿದು ಎದ್ದ ಮೇಲೆ ಬೆಳಗಿನ ಎಣ್ಣೆ ಲೆಕ್ಕಕ್ಕಿಲ್ಲ, ಮಧ್ಯಾಹ್ನ ಊಟವಾದ ಮೇಲೆ ಮತ್ತೊಮ್ಮೆ ಹಚ್ಚಬೇಕು. ಅದಕ್ಕೇ ಬಾಟಲಿ ಎಲೆಅಡಿಕೆ ಸಂಚಿಯಲ್ಲೇ ಇರಲಿ ಅಂತ ಹೇಳಿ. ಸಂಚಿ ಬಿಟ್ಟು ಯಾರೂ ಕೆಲಸಕ್ಕೆ ಹೋಗಲ್ಲ.

ವಾಪಸ್ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು. ಕಂಕುಳು, ತೊಡೆಸಂದು, ಮಂಡಿ ಹಿಂದೆ, ಸೊಂಟದ ಪಟ್ಟಿ ಕೂರುವ ಜಾಗ, ಕಿವಿ ಹಿಂದೆ ಹುಡುಕಬೇಕು. ಉಣುಗು ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೀರಿ. ಸೀಮೆಎಣ್ಣೆ, ಬೀಡಿ ಬೆಂಕಿ ಬೇಡ. ಉಗುರಿನಲ್ಲಿ ಹೊಸಕೋದಂತೂ ಬೇಡವೇ ಬೇಡ.

ಇನ್ನೊಂದು ಮಾತು. ಹಿಂದೆ ಲಸಿಕೆ ಹಾಕಿಸಿಕೊಂಡವರು ಧೈರ್ಯವಾಗಿರ್ತಾರೆ. ಆಗಲೂ ತಿಂಗಳ ಅಂತರದಲ್ಲಿ 2 ಡೋಸ್ ಆದ ಮೇಲೆ ಬೂಸ್ಟರ್ ಮೇಲೆ ಬೂಸ್ಟರ್ ಬೇಕಿತ್ತು. ಹಳೇ ಕಾರ್ಡ್ ನೋಡಿ ಯಾರಿಗೂ ವಿನಾಯಿತಿ ಕೊಡಬೇಡಿ.

ಕೋಲ್ಡ್‌ಬಾಕ್ಸ್:
ರಕ್ತದ ವಿಚಾರ ನಾನು ಹೇಳ್ತೀನಿ. ಕಾಡಿನ ಸಂಪರ್ಕ ಇದ್ದು ದಿಢೀರ್ ಜ್ವರ, ತಲೆ ಸಿಡಿತ, ಸೊಂಟ ಮತ್ತು ಮೀನಖಂಡದಲ್ಲಿ ತಡೆಯಲಾಗದ ನೋವು, ಕೆಂಪು ಕಣ್ಣು ಕಂಡರೆ ಅವತ್ತೇ ತೆಗೀರಿ, ನಾಳೆ ನೋಡೋಣ ಅನ್ನಬೇಡಿ. ಜ್ವರ 103 ಇದ್ದರೂ ನಾಡಿ ಅದಕ್ಕೆ ತಕ್ಕಂತೆ ಏರಿಲ್ಲದಿದ್ದರೆ ಇನ್ನೂ ಅನುಮಾನ ಪಡಿ.

ಫಾರಂನಲ್ಲಿ ಅತಿ ಮುಖ್ಯ ಕಾಲಂ ಜ್ವರ ಶುರುವಾದ ದಿನಾಂಕ. ಮೊದಲ ವಾರ ಪಿಸಿಆರ್‌ನಲ್ಲಿ ವೈರಸ್ ಚೆನ್ನಾಗಿ ಸಿಗುತ್ತೆ, ಆಮೇಲೆ ಅದು ಇಳಿದು ಐಜಿಎಂ (ಸೋಂಕಿನ ವಿರುದ್ಧ ದೇಹ ಮಾಡೋ ಪ್ರತಿಕಾಯ) ಏರುತ್ತೆ. "ಮೂರ್ನಾಲ್ಕು ದಿನ ಆಯ್ತು" ಅಂದದ್ದನ್ನೇ ಬರೆದರೆ ನೆಗೆಟಿವ್ ಬಂದಾಗ ಅದಕ್ಕೆ ಅರ್ಥವೇ ಇರಲ್ಲ. ಸಂತೆ ದಿನ ಕೆಲಸಕ್ಕೆ ಹೋಗಿದ್ರಾ, ಎಳ್ಳಮಾವಾಸ್ಯೆ ಜಾತ್ರೆಗೆ ಮುಂಚೆಯೋ ಆಮೇಲೋ ಅಂತ ಕೇಳಿ ತಾರೀಖು ಹೊರಡಿಸಿ.

3ರಿಂದ 5 ಎಂಎಲ್, ಪ್ಲೇನ್ ಟ್ಯೂಬ್. ಗ್ಲೌಸ್ ಹಾಕಿ, ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಹೆಪ್ಪುಗಟ್ಟೋಕೆ ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ. ತೆಗೆದ ತಕ್ಷಣ ಬೈಕ್ ಬ್ಯಾಗಿಗೆ ಹಾಕಿ ಘಟ್ಟದ ರಸ್ತೆಯಲ್ಲಿ ಕುಲುಕಿದರೆ ರಕ್ತಕಣ ಒಡೆದು ಸೀರಮ್ ಕೆಂಪಾಗುತ್ತೆ. ಐಸ್‌ಪ್ಯಾಕ್‌ಗೆ ಟ್ಯೂಬ್ ನೇರ ತಾಗಿ ರಕ್ತ ಮಂಜುಗಡ್ಡೆಯಾದರೂ ಅದೇ ಗತಿ. ಹತ್ತಿ ಸುತ್ತಿ, ಸೋರದ ಡಬ್ಬಿಯೊಳಗಿಟ್ಟು, 2ರಿಂದ 8 ಡಿಗ್ರಿಯಲ್ಲಿ ಶಿವಮೊಗ್ಗದ ವಿಡಿಎಲ್‌ಗೆ (ವೈರಸ್ ಪತ್ತೆ ಪ್ರಯೋಗಾಲಯ) ಕಳಿಸಿ. ಡೆಂಗಿ, ಇಲಿಜ್ವರದ ಪರೀಕ್ಷೆಯನ್ನೂ ಬರೆಸಿ. ಕಂಕುಳು, ತೊಡೆಸಂದಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಸ್ಕ್ರಬ್ ಟೈಫಸ್ ಇರಬಹುದು, ವೈದ್ಯಾಧಿಕಾರಿಗೆ ತಿಳಿಸಿ. ಅದಕ್ಕೆ ಔಷಧಿ ಇದೆ, ಮಂಗನ ಕಾಯಿಲೆಗೆ ನೇರ ಔಷಧಿ ಇಲ್ಲ.

ಬೆಟ್ಟದಂಚು:
ತುಂಬಾ ಉಪಕಾರ ಆಯ್ತು. ಆಸ್ಪತ್ರೆಯಿಂದ ಬಂದವರ ವಿಷಯ? ಜ್ವರ ಬಿಟ್ಟ ಮಾರನೇ ದಿನವೇ ಕೆಲಸಕ್ಕೆ ಹೊರಡ್ತಾರೆ.

ರಾತ್ರಿಪಾಳಿ:
ಸಿಸ್ಟರ್, ಜ್ವರ ಬಿಟ್ಟ ದಿನಕ್ಕೆ ಕೇಸ್ ಮುಚ್ಚಬೇಡಿ. ಕೆಲವರಿಗೆ 1–2 ವಾರ ಆರಾಮಾಗಿದ್ದು ಮತ್ತೆ ಜ್ವರ ಮರುಕಳಿಸುತ್ತೆ. ಈ ಸಲ ಮಿದುಳಿನ ಕಡೆ: ತಲೆನೋವು, ಕತ್ತು ಬಿಗಿತ, ಕೈನಡುಕ, ತಡಬಡ ಮಾತು. ಜ್ವರ ಬಿಟ್ಟ ದಿನದಿಂದ ಎಣಿಸಿ 21 ದಿನ ಕಣ್ಣಿಟ್ಟಿರಿ. ದಿನಾ ಹೋಗೋಕಾಗಲ್ಲ, ವಾರಕ್ಕೆರಡು ಸಲ ಸಾಕು, ಉಳಿದ ದಿನ ಫೋನ್. ಹೋದಾಗ ಎರಡೂ ಕೈ ಮುಂದೆ ಚಾಚಿಸಿ ನಡುಕ ನೋಡಿ, ಗಲ್ಲ ಎದೆಗೆ ತಾಗುತ್ತಾ ನೋಡಿ, ಬಿಪಿ ಬರೀರಿ. ಕಾಯಿಲೆ ಯಾವ ಹಂತದಲ್ಲೇ ಇರಲಿ, ಮೇಲಿನ ಬಿಪಿ 90ಕ್ಕಿಂತ ಕೆಳಗೆ, ಒಸಡು ಮೂಗಿನಲ್ಲಿ ರಕ್ತ, ಕಪ್ಪು ಮಲ, ಮೂತ್ರ ಕಮ್ಮಿ, ಮಂಪರು, ಇವುಗಳಲ್ಲಿ ಒಂದು ಕಂಡರೂ 108 ಕರೆಸಿ.

ಅಂಗಡಿ ಮಾತ್ರೆ ನಿಲ್ಲಿಸೋದು ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಮುಖ್ಯ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಕೂಡದು, ಪ್ಲೇಟ್‌ಲೆಟ್ ಇಳಿದಿರುವಾಗ ರಕ್ತಸ್ರಾವ ಹೆಚ್ಚುತ್ತೆ. ಸೊಂಟಕ್ಕೆ ಚುಚ್ಚೋ ಇಂಜೆಕ್ಷನ್ನೂ ಅದೇ ಕಾರಣಕ್ಕೆ ಬೇಡ. ದೊಡ್ಡವರಿಗೆ ಪ್ಯಾರಸಿಟಮಾಲ್ 500, 6 ಗಂಟೆಗೊಮ್ಮೆ, ದಿನಕ್ಕೆ 4 ಮೀರಬಾರದು. ಕುಡಿಯುವ ಅಭ್ಯಾಸ ಇದ್ದವರಿಗೆ ವೈದ್ಯರನ್ನು ಕೇಳಿಯೇ ಕೊಡಿ, ಈ ಕಾಯಿಲೆಯಲ್ಲಿ ಲಿವರ್‌ಗೂ ಪೆಟ್ಟು ಬೀಳುತ್ತೆ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ. ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕಿ ಕುಡಿಸೋರಿದ್ದಾರೆ, ಅದು ಬೇಡ. ಗಂಜಿ ಧಾರಾಳವಾಗಿ ಕೊಡಲಿ.

ಕಾನುದಾರಿ:
ಶೆಡ್‌ನವರ ಬಗ್ಗೆ ಎರಡು ಮಾತು ಬಾಕಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡಲ್ಲ ಅಂತ ತೋಟದ ಯಜಮಾನರ ಎದುರಿಗೇ ಹೇಳಿ, ಇಲ್ಲಾಂದ್ರೆ ಜ್ವರ ಬಂದವನನ್ನು ರಾತ್ರೋರಾತ್ರಿ ಊರಿಗೆ ಬಸ್ ಹತ್ತಿಸಿಬಿಡ್ತಾರೆ. ಹೊರಟೇಬಿಟ್ಟರೆ ಕೈಗೊಂದು ಚೀಟಿ ಕೊಡಿ: ಕೆಎಫ್‌ಡಿ (ಮಂಗನ ಕಾಯಿಲೆ) ಪ್ರದೇಶದಲ್ಲಿ ಕೆಲಸ ಮಾಡಿದವರು, ಜ್ವರ ಶುರುವಾದ ತಾರೀಖು, ರಕ್ತ ಕಳಿಸಿದ ತಾರೀಖು, ನಿಮ್ಮ ಉಪಕೇಂದ್ರದ ಫೋನ್ ನಂಬರ್. ಬಯಲುಸೀಮೆಯ ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್ ಇಳಿದಿದೆ ಅಂದರೆ ಮೊದಲು ಹೊಳೆಯೋದು ಡೆಂಗಿಯೇ.